ಕಳೆ ಹೊಡೆಯುವ ಮೊದಲು ಹತ್ತು ಗೂಟ

ಜೂನ್ 5ರ ಪರಿಸರ ದಿನ ಬಂತೆಂದರೆ ಕೊಡಗಿನಲ್ಲೂ ಗಿಡ ನೆಡುವ ಸಂಭ್ರಮ. ಒಂದು ಗುಂಡಿ, ಒಂದು ಗಿಡ, ಸುತ್ತ ಎಂಟು ಜನ, ಒಂದು ಫೋಟೊ. ಅದೇ ವಾರ ಅದೇ ಊರಿನ ಕಾಫಿ ತೋಟಗಳಲ್ಲಿ ಕಳೆ ಹೊಡೆಯುವ ಮೆಷಿನ್‌ಗಳ ಸದ್ದು. ಹಕ್ಕಿ ಉದುರಿಸಿದ, ಬಾವಲಿ ಉಗುಳಿದ, ಗಾಳಿ ಹೊತ್ತು ತಂದ ಬೀಜದಿಂದ ತಾನಾಗಿ ಎದ್ದ ಹೊನ್ನೆ, ನಂದಿ, ಅತ್ತಿ, ನೇರಳೆ ಸಸಿಗಳೆಲ್ಲ ಆ ನೈಲಾನ್ ದಾರದ ಏಟಿಗೆ ಕಳೆಯ ಜೊತೆಗೇ ಚೂರಾಗುತ್ತವೆ. ಯಾರೂ ನೆಡದೆ, ನೀರು ಹಾಕದೆ, ಆ ಮಣ್ಣಿಗೆ ಆಗಲೇ ಒಗ್ಗಿಕೊಂಡು ಹುಟ್ಟಿದ ಗಿಡಗಳವು. ನರ್ಸರಿಯಿಂದ ತಂದು ನೆಟ್ಟ ಗಿಡಕ್ಕೆ ಈ ಅನುಕೂಲ ಯಾವುದೂ ಇಲ್ಲ.

ಮೆಷಿನ್ ಹಿಡಿದವರಿಗೆ ಕಾಣುವಂತೆ ಸಸಿಯ ಪಕ್ಕ ಗೂಟ ಹೊಡೆದರೆ ಅದು ಉಳಿಯುತ್ತದೆ. ಅದಕ್ಕೆ ಬೇಕಾಗುವುದು ವರ್ಷಕ್ಕೆ ಎಕರೆಗೆ ಹತ್ತು ಗೂಟ, ಎರಡು ಬೆಳಿಗ್ಗೆ. ಲೆಕ್ಕ ಹೀಗಿದೆ: ದೊಡ್ಡ ನೆರಳು ಮರಗಳ ನಡುವೆ 40 ಅಡಿ ಅಂತರ ಅಂದುಕೊಂಡರೆ ಒಂದು ಎಕರೆಗೆ ಹಿಡಿಯುವುದು 27 ಮರ, 30 ಅಡಿ ಅಂದರೆ 48. ಹತ್ತು ಗೂಟದಲ್ಲಿ ಏಳು ಸಸಿ ಸತ್ತು ಮೂರೇ ಉಳಿದರೂ ಒಂಬತ್ತು ವರ್ಷಕ್ಕೆ 27 ಮರ ಆಯಿತು. ಕಾಫಿ ತೋಟದ ಆಯುಸ್ಸಿನಲ್ಲಿ ಒಂಬತ್ತು ವರ್ಷ ಏನೂ ಅಲ್ಲ.

ನೆರಳಿಗೆ ಕಾಡುಮರದ ಬದಲು ಸಿಲ್ವರ್ (ಸಿಲ್ವರ್ ಓಕ್) ನೆಟ್ಟವರನ್ನು ಬೈಯುವುದು ಸುಲಭ, ನ್ಯಾಯವಲ್ಲ. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕರಿಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ. ಎಲ್ಲಕ್ಕಿಂತ ಮುಖ್ಯವಾಗಿ, 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಅದಿದೆ. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಸಿಲ್ವರ್ ಕಡಿದು ಲಾರಿಗೆ ಹೇರಬಹುದು. ಹೊನ್ನೆಗೆ ಅರ್ಜಿ ಹಾಕಬೇಕು, ಅಲೆಯಬೇಕು. ಬೀಟೆಯ ವಿಷಯದಲ್ಲಂತೂ, ಅದರಲ್ಲೂ ರಿಡೀಮ್ ಆಗದ ಬಾಣೆ ಜಮೀನಿನಲ್ಲಿ (ಗದ್ದೆಗೆ ಸೇರಿದ ಕಾಡುಜಮೀನು, ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟದೆ ಉಳಿದದ್ದು), ಮರ ಯಾರದು ಅನ್ನುವುದೇ ದೊಡ್ಡ ಪ್ರಶ್ನೆ. ಹಾಗಾಗಿ ಎಷ್ಟೋ ಮಾಲೀಕರಿಗೆ ತಾನಾಗಿ ಎದ್ದ ಬೀಟೆ ಸಸಿ ನಾಳೆಯ ತಲೆನೋವಿನಂತೆ ಕಾಣುತ್ತದೆ, ಮೊಣಕಾಲೆತ್ತರ ಇರುವಾಗಲೇ ಕತ್ತಿ ಬೀಳುತ್ತದೆ. ಮರ ಉಳಿಸಲೆಂದು ಮಾಡಿದ ನಿಯಮ ಸಸಿಯನ್ನು ಕೊಲ್ಲಿಸುತ್ತಿರುವ ವಿಚಿತ್ರವಿದು. ಅದು ಸರಿಯಾಗುವವರೆಗೆ ಕಾಯಬೇಕಿಲ್ಲ. ಅತ್ತಿ, ನೇರಳೆಯನ್ನು ಸಾಮಾನ್ಯವಾಗಿ ಯಾರೂ ನಾಟಾ ಲಾಭಕ್ಕೆ ಬೆಳೆಸುವುದಿಲ್ಲ. ಅವುಗಳಿಂದಲೇ ಶುರು ಮಾಡಬಹುದು.

ಕಾಡುಮರದಿಂದ ಬೆಳೆಗಾರನಿಗೇನು ಲಾಭ? ಅರೇಬಿಕಾ ಕಾಫಿ ಇದ್ದವರಿಗೆ ಉತ್ತರ ಗೊತ್ತಿದೆ: ಬಿಳಿ ಕಾಂಡ ಕೊರಕ. ಆ ದುಂಬಿ ಬಿಸಿಲು ಬೀಳುವ ಕಾಂಡವನ್ನು ಹುಡುಕಿಕೊಂಡು ಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಹಾರಾಟದ ಕಾಲ ಎರಡು, ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಈ ತಿಂಗಳುಗಳಲ್ಲಿ ನೆರಳು ತೆರೆದಿದ್ದ ಮೂಲೆಯಲ್ಲೇ ಮರುವರ್ಷ ಗಿಡ ಹಳದಿಯಾಗಿ ಬಾಡುತ್ತದೆ. ಸಿಲ್ವರ್‌ನ ನೆರಳು ತೆಳು, ಅದರ ದರಗು (ಉದುರಿದ ಒಣಎಲೆ) ಮಣ್ಣಾಗಲು ಬಹಳ ಸಮಯ ಹಿಡಿಯುತ್ತದೆ. ಹೊನ್ನೆ, ಬೀಟೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಹಿಡಿದಿಡುತ್ತವೆ. ರೊಬಸ್ಟಾ ಕಾಫಿಗೆ ಈ ಬಿಳಿ ಕಾಂಡ ಕೊರಕದ ಕಾಟ ಇಲ್ಲವೆನ್ನಬಹುದು, ನೆರಳೂ ಕಡಿಮೆ ಸಾಕು. ಅಲ್ಲಿ 40 ಅಡಿಗಿಂತ ದೂರವಾದರೂ ನಡೆಯುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಮೇಲೆ ‘ಮರ ನೆಟ್ಟರೆ ಕುಸಿತ ನಿಲ್ಲುತ್ತದೆ’ ಅನ್ನುವ ಮಾತು ಬಹಳ ಕೇಳಿಬಂತು. ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಬೇರು ತಡೆಯುತ್ತದೆ, ನಿಜ. ಆದರೆ ಬೇರು ಮುಟ್ಟದ ಆಳದಲ್ಲಿ ನೀರು ತುಂಬಿ ಇಡೀ ಗುಡ್ಡವೇ ಜಾರುವಾಗ, ಅದರಲ್ಲೂ ಕೆಳಗೆ ರಸ್ತೆಗೋ ಕಟ್ಟಡಕ್ಕೋ ಬುಡ ಕಡಿದಿದ್ದಾಗ, ಮರವೂ ಮಣ್ಣಿನ ಜೊತೆ ಹೋಗುತ್ತದೆ. ಗೂಟದಿಂದ ಆಗದ ಕೆಲಸವನ್ನು ಗೂಟದ ಹೆಸರಿಗೆ ಬರೆಯುವುದು ಬೇಡ.

ಇನ್ನು ಕೆಲಸಕ್ಕೆ ಬರೋಣ. ತೋಟ ಸುತ್ತಬೇಕಾದ ಹೊತ್ತು ಎರಡು. ಮೊದಲನೆಯದು ಮೇ ಕೊನೆ, ಮುಂಗಾರಿಗೆ ಮುಂಚಿನ ಮಳೆಗೆ ಬೀಜಗಳು ಮೊಳೆತು, ಮೊದಲ ಕಳೆ ಹೊಡೆಯಲು ಇನ್ನೂ ಆಳು ಬರುವ ಮೊದಲು. ಎರಡನೆಯದು ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್‌ನಲ್ಲಿ. ಎರಡನೇ ಸುತ್ತಿನಲ್ಲಿ ಮಳೆಗಾಲವಿಡೀ ಚಿಗುರಿದ ಸಸಿ ಚೆನ್ನಾಗಿ ಕಾಣುತ್ತದೆ, ಜಿಗಣೆಯೂ ಅಷ್ಟೇ ಚೆನ್ನಾಗಿ ಹತ್ತುತ್ತದೆ. ಉಪ್ಪಿನ ಗಂಟು ಜೇಬಿನಲ್ಲಿರಲಿ.

ಗೂಟ ನಾಲ್ಕಡಿ ಉದ್ದ ಇರಬೇಕು. ಎರಡಡಿ ಸಾಲದು, ಜುಲೈ ಹೊತ್ತಿಗೆ ಕಳೆಯೇ ಅಷ್ಟೆತ್ತರ ಬಂದು ಗೂಟವನ್ನು ನುಂಗಿರುತ್ತದೆ. ಬಿದಿರಿನ ಸೀಳು ಉತ್ತಮ, ಮರಗಸಿಯಲ್ಲಿ (ನೆರಳು ಮರದ ಕೊಂಬೆ ಸವರುವಾಗ) ಬಿದ್ದ ಸಿಲ್ವರ್ ಕೊಂಬೆಯೂ ಆಗುತ್ತದೆ. ಹಾಲುವಾಣ, ಗ್ಲಿರಿಸಿಡಿಯಾ ಕೋಲು ಮಾತ್ರ ಬೇಡ: ಗೂಟವೇ ಬೇರು ಬಿಟ್ಟು ಸಸಿಗಿಂತ ಮೊದಲು ಮರವಾಗುತ್ತದೆ. ತುದಿಯ ಅರ್ಧ ಅಡಿಗೆ ಮನೆಯಲ್ಲಿ ಉಳಿದ ಹಳದಿ ಅಥವಾ ಬಿಳಿ ಆಯಿಲ್ ಪೇಂಟ್ ಬಳಿಯಿರಿ. ಸುಣ್ಣ ಹಚ್ಚಿದರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಒಂದು ವಾರವೂ ನಿಲ್ಲುವುದಿಲ್ಲ. ಗೂಟವನ್ನು ಸಸಿಯಿಂದ ಒಂದು ಗೇಣು ದೂರದಲ್ಲಿ, ಇಳಿಜಾರಿನ ಮೇಲ್ಬದಿಗೆ, ಒಂದಡಿ ಆಳಕ್ಕೆ ಹೊಡೆಯಬೇಕು. ಕೆಳಬದಿಗೆ ಹೊಡೆದರೆ ಮೇಲಿನಿಂದ ಜಾರಿ ಬರುವ ಮಣ್ಣು ದರಗು ಸಸಿಯ ಮೇಲೇ ಕೂರುತ್ತದೆ. ಸಸಿಗೆ ದಾರ, ಬಟ್ಟೆ, ರಿಬ್ಬನ್ ಏನನ್ನೂ ಕಟ್ಟಬೇಡಿ. ಕಟ್ಟಿದವರು ಬಿಚ್ಚಲು ಮರೆಯುತ್ತಾರೆ, ಕಾಂಡ ದಪ್ಪವಾದಂತೆ ದಾರ ತೊಗಟೆಯೊಳಗೆ ಇಳಿಯುತ್ತದೆ.

ಗೂಟ ಹೊಡೆದ ಮೇಲೆ ಸುತ್ತ ಒಂದೂವರೆ ಅಡಿ ಜಾಗದ ಕಳೆಯನ್ನು ಕೈಯಲ್ಲೇ ಕೀಳಬೇಕು. ಇದನ್ನು ಬಿಟ್ಟರೆ ಗೂಟದಿಂದ ಉಪಯೋಗವಿಲ್ಲ. ಮೆಷಿನ್ ಹಿಡಿದವರಿಗೆ ಗೂಟ ಕಂಡರೂ, ಅದರ ಬುಡದಲ್ಲಿ ಕಳೆ ಇದ್ದರೆ ‘ಇದೊಂದಿಷ್ಟು’ ಅಂತ ದಾರವನ್ನು ಹತ್ತಿರ ತರುತ್ತಾರೆ. ದಾರ ಸಸಿಯನ್ನು ಕತ್ತರಿಸದೆ ಬರೀ ಬುಡದ ಸಿಪ್ಪೆಯನ್ನು ಸುತ್ತ ಸುಲಿದರೂ ಕಥೆ ಮುಗಿಯಿತು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವ ದಾರಿ ಆ ಸಿಪ್ಪೆಯಲ್ಲೇ ಇರುವುದು. ಗಿಡ ತಕ್ಷಣ ಸಾಯುವುದಿಲ್ಲ, ಹಸಿರಾಗಿಯೇ ಕೆಲವು ವಾರ ನಿಂತು ಆಮೇಲೆ ಒಣಗುತ್ತದೆ. ಅಷ್ಟರಲ್ಲಿ ಮೆಷಿನ್ ತಾಗಿದ್ದು ಯಾರಿಗೂ ನೆನಪಿರುವುದಿಲ್ಲ. ‘ಈ ಜಾಗಕ್ಕೆ ಹೊನ್ನೆ ಆಗಿಬರುವುದಿಲ್ಲ’ ಎಂಬ ತೀರ್ಮಾನವಾಗುತ್ತದೆ. ಕಳೆನಾಶಕ ಹೊಡೆಯುವ ತೋಟವಾದರೆ ಹೊಡೆಯುವ ಹೊತ್ತಿಗೆ ಸಸಿಯ ಮೇಲೆ ಹಳೆಯ ಬಕೆಟ್ ಕವುಚಿಡಿ, ಮುಗಿದ ಕೂಡಲೇ ತೆಗೆಯಿರಿ.

ಕೆಲಸಗಾರರ ಜೊತೆ ಮಾತಾಡದೆ ಇದ್ಯಾವುದೂ ನಡೆಯುವುದಿಲ್ಲ. ಎಕರೆಗಿಷ್ಟು ಅಂತ ಕಂಟ್ರಾಕ್ಟ್ ಕೊಟ್ಟಾಗ ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಒಂದು ಸಸಿಗೋಸ್ಕರ ನಿಲ್ಲಲು ಅವರಿಗೆ ಯಾವ ಕಾರಣವೂ ಇಲ್ಲ. ಕಾರಣ ಕೊಡಬೇಕಾದವರು ನಾವು. ಎಷ್ಟು ಗೂಟ ಇದೆ ಅಂತ ಮೊದಲೇ ಹೇಳಿ, ಸುತ್ತು ಮುಗಿದ ಮೇಲೆ ಜೊತೆಗೇ ಹೋಗಿ ಎಣಿಸಿ, ಉಳಿದ ಸಸಿಗೆ ಇಂತಿಷ್ಟು ಅಂತ ಕೈಗಿಟ್ಟರೆ ಮುಂದಿನ ಸುತ್ತಿನಲ್ಲಿ ವ್ಯತ್ಯಾಸ ಕಾಣುತ್ತದೆ. ಕೆಲಸಗಾರರ ಲೈನ್‌ಮನೆಯಲ್ಲಿ ಎರವ, ಕುರುಬ ಬುಡಕಟ್ಟಿನ ಕುಟುಂಬಗಳಿದ್ದರೆ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡೇ ಸುತ್ತು ಹೊರಡಿ. ಎರಡೆಲೆಯ ಸಸಿ ನೋಡಿ ಮರದ ಹೆಸರು ಹೇಳುವವರು ಅವರಲ್ಲಿದ್ದಾರೆ, ಮಾಲೀಕರಲ್ಲಿ ಕಡಿಮೆ. ಅಸ್ಸಾಂ ಕಡೆಯಿಂದ ಹೊಸದಾಗಿ ಬಂದ ಹುಡುಗರಿಗೆ ಇಲ್ಲಿನ ಮರ ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಅವರಿಗೆ ಹಳದಿ ತುದಿಯ ಗೂಟ ಸಾಕು.

ಗುರುತು ಹಿಡಿಯುವುದು ಅಂದುಕೊಂಡಷ್ಟು ಕಷ್ಟವಲ್ಲ. ನಾಲ್ಕಾರು ಎಲೆ ಬರುವವರೆಗೆ ಕಾದರೆ ಸಾಕು. ಬೀಟೆ ಮತ್ತು ಹೊನ್ನೆಯಲ್ಲಿ ಒಂದು ಕಡ್ಡಿಗೆ ಹಲವು ಎಲೆ, ಅವು ಎದುರುಬದುರಲ್ಲ, ಒಂದಾದ ಮೇಲೊಂದು, ತುದಿಯಲ್ಲಿ ಒಂಟಿ ಎಲೆ. ಬೀಟೆಯದು ದುಂಡು, ಹೊನ್ನೆಯದು ಸ್ವಲ್ಪ ಉದ್ದ. ಹಲಸು, ಹೆಬ್ಬಲಸು, ಅತ್ತಿ ಮೂರರಲ್ಲೂ ಎಲೆ ಚಿವುಟಿದರೆ ಹಾಲು. ಹೆಬ್ಬಲಸಿನ ಎಳೆ ಗಿಡದ ಎಲೆ ದೊಡ್ಡದು, ಆಳವಾಗಿ ಸೀಳಿದ್ದು, ರೋಮ ರೋಮ. ದೊಡ್ಡ ಮರದ ಎಲೆಗೂ ಅದಕ್ಕೂ ಹೋಲಿಕೆಯೇ ಇರುವುದಿಲ್ಲ, ಹಾಗಾಗಿ ಹೆಚ್ಚು ಬಲಿಯಾಗುವುದೂ ಅದೇ. ನೇರಳೆ ಎಲೆ ಎದುರುಬದುರು, ಹೊಸಕಿದರೆ ಟರ್ಪೆಂಟೈನ್ ನೆನಪಿಸುವ ಘಾಟು. ಸಂಪಿಗೆಯಲ್ಲಿ ಪ್ರತಿ ಎಲೆಯ ಬುಡದ ಹತ್ತಿರ ಕಾಂಡಕ್ಕೆ ಉಂಗುರದಂಥ ಗೆರೆ. ಬಳಂಜಿಯ ಚಿಗುರು ಕೆಂಪು, ಎಲೆಕಡ್ಡಿ ಮತ್ತೆ ಮತ್ತೆ ಕವಲೊಡೆದು ದೊಡ್ಡದಾಗಿರುತ್ತದೆ. ಸಂಶಯ ಬಂದರೆ ಬೆಳೆದ ಮರದ ಎಲೆಯೊಂದನ್ನು ಪಕ್ಕದಲ್ಲಿಟ್ಟು ನೋಡಿ, ಆದರೂ ಗೊತ್ತಾಗದಿದ್ದರೆ ಒಂದು ವರ್ಷ ಬೆಳೆಯಲು ಬಿಡಿ.

ಬಿಡಬಾರದ್ದೂ ಇದೆ. ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ ಪಕ್ಕದ ವಯನಾಡಿನ ಕಾಡನ್ನು ಆಕ್ರಮಿಸಿಕೊಂಡಿದೆ. ಅದರ ಎಲೆಕಡ್ಡಿಯಲ್ಲಿ ಎಲೆಗಳು ಜೋಡಿ ಜೋಡಿ ಎದುರುಬದುರು, ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ. ಹೊನ್ನೆಯಿಂದ ಬೇರೆ ಮಾಡಲು ಈ ಒಂದು ಗುರುತು ಸಾಕು. ಕಡಿದರೆ ಬುಡದಿಂದ ನಾಲ್ಕಾಗಿ ಚಿಗುರುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಬೇರುಸಹಿತ ಕಿತ್ತೇ ಎಸೆಯಬೇಕು. ಲಂಟಾನವೂ ಹಾಗೆಯೇ.

ನೂರು ಸಸಿಯಲ್ಲಿ ಹತ್ತನ್ನು ಆರಿಸುವುದು ಹೇಗೆ? ನಾಲ್ಕು ಕಾಫಿ ಗಿಡಗಳ ನಟ್ಟನಡುವೆ ಇರುವುದಕ್ಕೆ ಮೊದಲ ಆದ್ಯತೆ. ಕಾಫಿ ಬುಡದಿಂದ ಮೂರಡಿಯೊಳಗೆ ಇದ್ದರೆ ಬಿಡಿ, ಮುಂದೆ ಎರಡಕ್ಕೂ ಜಗಳ. ಕರೆಂಟ್ ಲೈನ್ ಕೆಳಗೆ, ಚರಂಡಿಯಲ್ಲಿ, ಜೀಪ್ ದಾರಿಯಲ್ಲಿ ಬೇಡ. ಒಂಟಿ ಕಾಂಡ ನೆಟ್ಟಗಿರಲಿ. ಹತ್ತರಲ್ಲಿ ಒಂದೇ ಜಾತಿ ಮೂರಕ್ಕಿಂತ ಹೆಚ್ಚು ಬೇಡ. ಹಾಲುವಾಣವನ್ನೇ ನಂಬಿಕೊಂಡ ತೋಟಗಳು ಗಂಟು ಮಾಡುವ ಕಣಜ ಬಂದಾಗ ಒಟ್ಟಿಗೆ ಬೋಳಾದದ್ದು ಎಲ್ಲರಿಗೂ ನೆನಪಿದೆ. ಮೆಣಸು ಹಬ್ಬಿಸುವ ಯೋಚನೆ ಇದ್ದರೆ ಹಲಸು, ಬಳಂಜಿ ಒಳ್ಳೆಯದು. ನಂದಿಯ ನುಣುಪು ತೊಗಟೆ ಪದರ ಪದರವಾಗಿ ಉದುರುವುದರಿಂದ ಬಳ್ಳಿಗೆ ಹಿಡಿತ ಸಿಗುವುದಿಲ್ಲ. ಮತ್ತೆ, ಹತ್ತರಲ್ಲಿ ಒಂದಾದರೂ ಅತ್ತಿಯೋ ಗೋಳಿಯೋ ಬಸರಿಯೋ ಇರಲಿ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಇವುಗಳಲ್ಲಿ ಯಾವುದಾದರೊಂದು ಹಣ್ಣು ಬಿಟ್ಟಿರುತ್ತದೆ. ಮಂಗಟ್ಟೆ, ಕುಟ್ರುಹಕ್ಕಿ, ಪಿಕಳಾರ ಅಲ್ಲಿಗೆ ಬರುತ್ತವೆ, ಬರುವಾಗ ಬೇರೆ ಮರಗಳ ಬೀಜವನ್ನು ಹೊಟ್ಟೆಯಲ್ಲಿ ತರುತ್ತವೆ. ಜಿಲ್ಲೆಯಲ್ಲಿ 1,214 ದೇವರಕಾಡುಗಳು ದಾಖಲೆಯಲ್ಲಿವೆ, ಎಲ್ಲ ಸೇರಿ ಸುಮಾರು 2,550 ಹೆಕ್ಟೇರ್. ಹೆಚ್ಚಿನವು ಸಣ್ಣ ತುಂಡುಗಳು, ಸುತ್ತ ತೋಟ. ಒಂದು ದೇವರಕಾಡಿನಿಂದ ಇನ್ನೊಂದಕ್ಕೆ ಹಾರುವ ಹಕ್ಕಿ ನಡುವೆ ಕೂರುವುದು ನಮ್ಮ ತೋಟದ ಅತ್ತಿ ಮರದಲ್ಲೇ. ಹತ್ತು ವರ್ಷದ ನಂತರ ಗೂಟ ಹೊಡೆಯಲು ಬೇಕಾದ ಸಸಿಗಳನ್ನು ಬಿತ್ತುವವರು ಈ ಹಕ್ಕಿಗಳು.

ತೋಟದಲ್ಲಿ ಬೇಕಾದ ಕಡೆ ಸಸಿ ಎದ್ದಿಲ್ಲ, ಬೇಡದ ಕಡೆ ಹತ್ತಿದೆ ಅಂದರೆ ಕಿತ್ತು ನೆಡಬಹುದು. ಜೂನ್-ಜುಲೈನಲ್ಲಿ, ಆರು ಎಲೆಗಿಂತ ಹೆಚ್ಚು ಬರುವ ಮೊದಲು, ಮಳೆ ಬಿದ್ದ ಮರುದಿನ, ಸುತ್ತ ಅರ್ಧ ಅಡಿ ಮಣ್ಣಿನ ಹೆಂಟೆಯ ಸಮೇತ. ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಇಲ್ಲವಾದರೆ ಬೇರು ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಎಲೆ ಕಳೆಯುತ್ತದೆ. ಮೋರಿಯ ಕಲ್ಲುಸಂದಿ, ಹಳೆ ಗೋಡೆಯಲ್ಲಿ ಎದ್ದ ಗೋಳಿ, ಬಸರಿ ಸಸಿಗಳನ್ನೂ ಹೀಗೇ ತರಬಹುದು. ಬೇರಿಗೆ ಒದ್ದೆ ಪಾಚಿ ಸುತ್ತಿ ಅದೇ ದಿನ ನೆಡಬೇಕು. ಅತ್ತಿಯನ್ನು ಕೊಂಬೆಯಿಂದಲೂ ಎಬ್ಬಿಸಬಹುದು: ಮಣಿಕಟ್ಟು ದಪ್ಪದ ನಾಲ್ಕೈದು ಅಡಿ ಕೊಂಬೆ, ಕೆಳತುದಿ ಓರೆಯಾಗಿ ಕತ್ತರಿಸಿದ್ದು, ಮೇಲ್ತುದಿಗೆ ಸೆಗಣಿ ಮೆತ್ತಿದ್ದು, ಮಳೆಗಾಲದ ಆರಂಭದಲ್ಲಿ ಒಂದೂವರೆ ಅಡಿ ಆಳಕ್ಕೆ. ಎಲ್ಲವೂ ಬೇರು ಬಿಡುವುದಿಲ್ಲ, ಒಂದು ಬೇಕಾದಲ್ಲಿ ಎರಡು ನೆಡಿ. ಬೀಟೆಗಂತೂ ಬೇರಿನಿಂದಲೇ ಮರಿ ಏಳುವ ಸ್ವಭಾವವಿದೆ. ಹಳೆ ಬೀಟೆ ಬಿದ್ದ ಜಾಗದ ಸುತ್ತ ಮೊದಲು ಹುಡುಕಿ.

ಬೀಜದಿಂದ ಮಾಡುವುದಾದರೆ ಒಂದೇ ಎಚ್ಚರಿಕೆ: ಹಲಸು, ನೇರಳೆ, ಸಂಪಿಗೆ ಬೀಜಗಳನ್ನು ಒಣಗಿಸಿ ಡಬ್ಬಿಯಲ್ಲಿಡಬೇಡಿ. ಒಣಗಿದರೆ ಸತ್ತವು. ಹಣ್ಣಿನಿಂದ ತೆಗೆದು ತೊಳೆದು ಅದೇ ವಾರ ಬಿತ್ತಬೇಕು. ಸಂಪಿಗೆಯ ಬೀಜಕ್ಕಂಟಿದ ಕೆಂಪು ಸಿಪ್ಪೆಯನ್ನು ಬೂದಿ ಹಾಕಿ ತಿಕ್ಕಿ ತೆಗೆಯಬೇಕು. ಬಳಂಜಿಯದು ಉಲ್ಟಾ, ಸಿಪ್ಪೆ ಕಲ್ಲಿನಂತೆ. ಮೊಳಕೆ ಬರುವ ಕಣ್ಣಿನ ಎದುರು ಬದಿಯಲ್ಲಿ ಉಗುರು ಕತ್ತರಿಯಿಂದ ಒಂದು ಚೂರು ಕಚ್ಚು ಹಾಕಿ, ರಾತ್ರಿ ನೆನೆಸಿ, ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಬಿತ್ತಿ. ಹೊನ್ನೆ, ಬೀಟೆಗೆ ಒಂದು ದಿನ ನೆನೆಸಿದರೆ ಸಾಕು. ಚೀಲಕ್ಕೆ ಕಾಫಿ ಸಸಿಗೆ ಬಳಸುವ ಮಿಶ್ರಣವೇ ಆಗುತ್ತದೆ: ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಗೊಬ್ಬರ ಪೂರ್ತಿ ಕಳಿತಿರಬೇಕು, ಹಸಿಯಾಗಿದ್ದರೆ ಬೇರು ಸುಡುತ್ತದೆ. ದೇವರಕಾಡಿನಿಂದ ಒಂದು ಕಡ್ಡಿಯನ್ನೂ ತರಬಾರದೆಂಬ ಕಟ್ಟು ಇದ್ದೇ ಇದೆ, ಬೀಜವನ್ನು ರಸ್ತೆಬದಿಯ ಮರದಿಂದ ಆರಿಸಿಕೊಳ್ಳಿ. ಇದಕ್ಕೆಲ್ಲ ಪುರಸೊತ್ತಿಲ್ಲದವರು ಅರಣ್ಯ ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಗಿಡ ತರಬಹುದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿ ತಂದರೆ, ಬದುಕುಳಿದ ಗಿಡಗಳಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ರಸೀದಿಯನ್ನೂ ವರ್ಷವರ್ಷದ ಫೋಟೊಗಳನ್ನೂ ಜೋಪಾನವಾಗಿಡಿ, ನೆಟ್ಟದ್ದು ನೀವೇ ಎಂಬುದಕ್ಕೆ ಮುಂದೊಂದು ದಿನ ಕಾಗದ ಬೇಕಾಗುತ್ತದೆ.

ತಂದ ಗಿಡ ನೆಡುವಾಗ ಆಗುವ ತಪ್ಪು ಎರಡು. ಪ್ಲಾಸ್ಟಿಕ್ ಚೀಲವನ್ನು ಸೀಳಿ ಹಾಗೇ ಗುಂಡಿಗಿಳಿಸುವುದು ಒಂದು. ಪೂರ್ತಿ ತೆಗೆದು, ತಳದಲ್ಲಿ ಸುರುಳಿ ಸುತ್ತಿದ ಬೇರಿನ ಅರ್ಧ ಇಂಚನ್ನು ಕತ್ತರಿಸಬೇಕು; ಸುರುಳಿ ಹಾಗೇ ಉಳಿದರೆ ಮರ ಬೆಳೆಯುತ್ತದೆ, ಹತ್ತು ಹನ್ನೆರಡು ವರ್ಷಕ್ಕೆ ಜುಲೈ ಗಾಳಿಯಲ್ಲಿ ಕಾಫಿ ಸಾಲಿನ ಮೇಲೆ ಮಲಗುತ್ತದೆ. ಇನ್ನೊಂದು ತಪ್ಪು, ಬಯಲುಸೀಮೆಯ ಹಾಗೆ ಬುಡಕ್ಕೆ ಪಾತಿ ಮಾಡುವುದು. ಭಾಗಮಂಡಲ, ಶಾಂತಳ್ಳಿ ಕಡೆಯ ಮಳೆಗೆ ಪಾತಿ ಅಂದರೆ ಬಾವಿ, ಬೇರು ಕೊಳೆಯುತ್ತದೆ. ಒಂದೂವರೆ ಅಡಿ ಗುಂಡಿಯನ್ನು ತುಂಬಿಸಿ, ಬುಡ ನೆಲಕ್ಕಿಂತ ಒಂದಿಂಚು ಮೇಲಿರುವಂತೆ ದಿಬ್ಬ ಮಾಡಿ ನೆಡಿ. ಕುಶಾಲನಗರ, ಶನಿವಾರಸಂತೆ ಕಡೆ ಮಳೆ ಅಷ್ಟಿಲ್ಲ, ಅಲ್ಲಿ ನೆಲಮಟ್ಟ ಸರಿ.

ಹಲಸಿನ ವಿಷಯ ಪ್ರತ್ಯೇಕ. ತಾಯಿಬೇರು ಬೇಗ ಇಳಿಯುವುದರಿಂದ ಇದ್ದಲ್ಲೇ ಬೀಜ ಊರುವುದು ಲೇಸು, ಒಂದು ಕಡೆ ಮೂರು ಬೀಜ, ಒಂದಿಂಚು ಆಳ. ಹಂದಿ, ಮುಳ್ಳುಹಂದಿ ಕೆದಕಿದರೂ ಒಂದು ಉಳಿಯಲಿ ಅಂತ. ಆದರೆ ಸಿದ್ದಾಪುರ, ಅಮ್ಮತ್ತಿ ಸುತ್ತಮುತ್ತ ಹಲಸಿನ ಹಣ್ಣು ಅಂದರೆ ಆನೆ. ಲೈನ್‌ಮನೆ, ಶಾಲೆಗೆ ಹೋಗುವ ದಾರಿ, ಕಣದ ಹತ್ತಿರ ಎಷ್ಟೇ ಒಳ್ಳೆಯ ಹಲಸಿನ ಸಸಿ ಎದ್ದಿದ್ದರೂ ಅದಕ್ಕೆ ಗೂಟ ಹೊಡೆಯಬೇಡಿ. ಅಲ್ಲಿಗೆ ಹೊನ್ನೆ, ನಂದಿ ಸಾಕು.

ಗೂಟ ಹೊಡೆದ ಮೇಲಿನ ಮೂರು ವರ್ಷಕ್ಕೆ ಕೆಲಸ ಸ್ವಲ್ಪವೇ. ಮಳೆ ನಿಂತ ಕೂಡಲೇ ಮಿಕಾನಿಯ ಬಳ್ಳಿ ನೋಡಿ. ಅದು ಒಂದು ತಿಂಗಳಲ್ಲಿ ಸಸಿಯ ತಲೆ ಮುಚ್ಚಿ ಭಾರಕ್ಕೆ ಬಗ್ಗಿಸುತ್ತದೆ. ಎಳೆದರೆ ಸಸಿಯೇ ಮುರಿಯುತ್ತದೆ, ಬುಡದಲ್ಲಿ ಕತ್ತರಿಸಿ ಒಣಗಲು ಬಿಡಬೇಕು. ನವೆಂಬರ್‌ನಲ್ಲಿ ಸುತ್ತ ದರಗು ಹೊದಿಸಿ, ಬುಡದಿಂದ ನಾಲ್ಕು ಬೆರಳು ದೂರ ಬಿಟ್ಟು, ಅಂಟಿಸಿದರೆ ಗೆದ್ದಲಿಗೆ ಆಹ್ವಾನ. ಮೊದಲ ಬೇಸಿಗೆ ಮಾತ್ರ ನೀರು: ರೊಬಸ್ಟಾ ಹೂವು ಅರಳಲು ಸ್ಪ್ರಿಂಕ್ಲರ್ ಹಾಕುವ ತೋಟದಲ್ಲಿ ಅದೇ ಸಾಕು, ಇಲ್ಲದವರು ಫೆಬ್ರವರಿಯಿಂದ ಹೂಮಳೆ ಬರುವವರೆಗೆ ಹತ್ತು ದಿನಕ್ಕೊಂದು ಕೊಡ. ಎರಡನೇ ವರ್ಷ ತುದಿ ಕವಲೊಡೆದಿದ್ದರೆ ನೆಟ್ಟಗಿರುವ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯಿರಿ. ಮೇಲೆ ಸಿಲ್ವರ್ ಇದ್ದರೆ ಕಡಿಯುವ ಅವಸರ ಬೇಡ. ಮರಗಸಿ ಮಾಡುವಾಗ ಸಸಿಯ ಕಡೆಯ ಕೊಂಬೆಗಳನ್ನಷ್ಟೇ ಇಳಿಸಿ ಬೆಳಕು ಕೊಡಿ. ಮೆಣಸು ಹಬ್ಬಿದ ಸಿಲ್ವರ್ ತನ್ನ ಸಮಯಕ್ಕೆ ತಾನೇ ಹೋಗಲಿ, ಅಷ್ಟರಲ್ಲಿ ಕೆಳಗಿನದು ತಯಾರಾಗಿರುತ್ತದೆ.

ಮೂರನೇ ವರ್ಷ ಕಾಂಡ ಹೆಬ್ಬೆರಳಿಗಿಂತ ದಪ್ಪವಾಗಿ ಎದೆಮಟ್ಟ ದಾಟಿದರೆ, ಮೆಷಿನ್ ಹಿಡಿದವರ ಕಣ್ಣಿಗೆ ಅದು ಮರವಾಗಿಯೇ ಕಾಣುತ್ತದೆ. ಆಗ ಗೂಟ ಕಿತ್ತು, ತಳ ಕೊಳೆತಿದ್ದರೆ ಅಷ್ಟನ್ನು ಕತ್ತರಿಸಿ, ತುದಿಗೆ ಮತ್ತೊಮ್ಮೆ ಪೇಂಟ್ ಹಚ್ಚಿ, ಪಕ್ಕದ ಸಾಲಿನಲ್ಲಿ ಈ ವರ್ಷ ಎದ್ದ ಸಸಿಯ ಮೇಲ್ಬದಿಗೆ ಹೊಡೆಯಿರಿ.